ಲಾಗಿನ್ ಇಲ್ಲದೆ ಯಾರು ಬೇಕಾದರೂ ಫೋಟೋ ಹಾಕುವಂತೆ ಸರ್ವರ್ ತೆರೆದಿಡುವುದು ಹೇಗೆ?

ತೋಟದವರು ಮಳೆಹಾನಿಯ ಫೋಟೋ ಕಳಿಸಬೇಕು, ಯಾವ್ಯಾವ ಎಕ್ಸ್‌ಟೆನ್ಶನ್ (ಫೈಲ್ ಹೆಸರಿನ ಕೊನೆಯ ಜೆಪಿಜಿ, ಪಿಎನ್‌ಜಿ ಇತ್ಯಾದಿ) ಬಿಡಲಿ ಎಂದು ಕೇಳಿದ್ದೀರಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದಾಗ ನಾನೂ ಇಂಥದ್ದೇ ಪುಟ ಮಾಡಿದ್ದೆ. ಮೂರನೇ ದಿನಕ್ಕೆ ನಮ್ಮ ಸರ್ವರ್‌ನಿಂದ ಸ್ಪ್ಯಾಮ್ ಮೇಲ್ ಹೋಗತೊಡಗಿತು.

ಆದದ್ದು ಇಷ್ಟು. ಫೈಲ್ ಹೆಸರಿನ ಕೊನೆಯಲ್ಲಿ ಜೆಪಿಜಿ ಇದೆಯೇ, ಇದು ಯಾವ ಬಗೆಯ ಫೈಲ್ ಎಂದು ಬ್ರೌಸರ್ ಕಳಿಸುವ ಕಂಟೆಂಟ್-ಟೈಪ್ ಚೀಟಿ ಇಮೇಜ್ ಎನ್ನುತ್ತದೆಯೇ ಎಂದು ನೋಡುತ್ತಿದ್ದೆ. ಇವೆರಡನ್ನೂ ಬರೆಯುವವನು ಕಳಿಸುವವನೇ! ಬಂದದ್ದು 'ಮನೆ.ಪಿಎಚ್‌ಪಿ.ಜೆಪಿಜಿ'. ಪಿಎಚ್‌ಪಿ ಎಂದರೆ ಸರ್ವರ್‌ನಲ್ಲಿ ಓಡುವ ಕೋಡಿನ ಭಾಷೆ. ಅಪಾಚೆ ಎಂಬ ವೆಬ್ ಸರ್ವರ್‌ನಲ್ಲಿ ಅದನ್ನು ಸೆಟ್ಟಿಂಗ್ ಫೈಲಿನ ಆ್ಯಡ್‌ಹ್ಯಾಂಡ್ಲರ್ ಸಾಲಿನಿಂದ ಜೋಡಿಸಿದ್ದರೆ ಹೆಸರಿನ ನಡುವೆ ಪಿಎಚ್‌ಪಿ ಇದ್ದರೂ ಸಾಕು, ಓಡಿಸಿಬಿಡುತ್ತದೆ. ಚಿತ್ರವೋ ಅಲ್ಲವೋ ಎಂದು ನೋಡುವ ಫಂಕ್ಷನ್ ಕೂಡ ಮೋಸಹೋಯಿತು, ಏಕೆಂದರೆ ಫೈಲಿನ ಮೊದಲ ಆರು ಅಕ್ಷರ 'ಜಿಐಎಫ್89ಎ', ಅದರ ಹಿಂದೆಯೇ ಕೋಡ್. ಡಿಸ್ಕನ್ನು ನೋಎಕ್ಸೆಕ್ (ಇಲ್ಲಿನ ಯಾವ ಫೈಲೂ ಪ್ರೋಗ್ರಾಮ್ ಆಗಿ ಓಡಬಾರದು) ಎಂದು ಮೌಂಟ್ ಮಾಡಿದ್ದೇನಲ್ಲ ಎಂಬ ಧೈರ್ಯವೂ ಸುಳ್ಳಾಯಿತು. ಪಿಎಚ್‌ಪಿ ಆ ಫೈಲನ್ನು ಬರೀ ಓದುತ್ತದೆ, ಓಡುವುದು ಪಿಎಚ್‌ಪಿಯೇ. ಮೂಲ ತಪ್ಪು ಒಂದೇ: ಬಂದ ಫೈಲ್ ಕೂರುವ ಫೋಲ್ಡರ್ ವೆಬ್‌ರೂಟ್ (ವೆಬ್ ವಿಳಾಸದಿಂದ ನೇರ ತೆರೆಯಬಹುದಾದ ಫೋಲ್ಡರ್) ಒಳಗಿತ್ತು, ಅದರ ವಿಳಾಸ ಹೊರಗಿನವರಿಗೆ ಗೊತ್ತಿತ್ತು.

ಹಾಗಾಗಿ ಎಕ್ಸ್‌ಟೆನ್ಶನ್ ಪಟ್ಟಿಯಿಂದ ಶುರು ಮಾಡಬೇಡಿ. ದೇವಸ್ಥಾನದ ಹುಂಡಿ ಹೇಗೋ ಹಾಗೆ ಕಟ್ಟಿ: ಹಾಕುವುದು ಯಾರಾದರೂ, ತೆಗೆಯುವುದು ನೀವು ಮಾತ್ರ. ಅನಾಮಿಕರು ಹಾಕಿದ್ದು ತಕ್ಷಣ ಎಲ್ಲರಿಗೂ ಕಾಣಬೇಕು ಎಂಬ ಆಸೆ ಬಿಡಿ.

ಫೋಲ್ಡರ್ ವೆಬ್‌ರೂಟ್‌ನ ಹೊರಗೆ, ಡಿಸ್ಕಿನ ಬೇರೆ ಭಾಗದಲ್ಲಿ (ಪಾರ್ಟಿಶನ್) ಇರಲಿ. ತುಂಬಿಹೋದರೂ ಡೇಟಾಬೇಸ್ ನಿಲ್ಲುವುದಿಲ್ಲ. ಅವರಿಟ್ಟ ಹೆಸರನ್ನು ಬಿಸಾಡಿ, 16 ಬೈಟ್‌ನ ರ್‍ಯಾಂಡಮ್ ಹೆಸರು ಕೊಡಿ. ಎಸ್‌ವಿಜಿ ಬಗೆಯ ಚಿತ್ರ ಬೇಡವೇ ಬೇಡ, ಅದರೊಳಗೆ ಸ್ಕ್ರಿಪ್ಟ್ ಕೂರುತ್ತದೆ. ಚಿತ್ರವನ್ನು ತೆರೆಯುವ ಮುನ್ನ ಅಳತೆ ನೋಡಿ, 5 ಕೋಟಿ ಪಿಕ್ಸೆಲ್ ಮೀರಿದರೆ ತಿರಸ್ಕರಿಸಿ. 20,000 × 20,000ರ ಚಿತ್ರ ಕೆಲವೇ ಎಂಬಿ ಇರಬಹುದು, ಬಿಚ್ಚಿದರೆ ಮೆಮೊರಿಯಲ್ಲಿ 1.6 ಜಿಬಿ ನುಂಗುತ್ತದೆ. ಆಮೇಲೆ ಪಿಕ್ಸೆಲ್‌ಗಳನ್ನಷ್ಟೇ ತೆಗೆದುಕೊಂಡು ಹೊಸದಾಗಿ ಜೆಪಿಜಿ ಬರೆದು ಮೂಲವನ್ನು ಅಳಿಸಿ. ಅಂಟಿಸಿದ ಕೋಡ್ ಹೋಗುತ್ತದೆ, ಮನೆಯ ಜಿಪಿಎಸ್ ಗುರುತೂ ಹೋಗುತ್ತದೆ. ಆದರೆ ಫೋಟೋ ಯಾವ ಕಡೆ ತಿರುಗಬೇಕೆಂಬ ಗುರುತೂ ಜೊತೆಗೇ ಹೋಗುವುದರಿಂದ ಮೊದಲು ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಅರ್ಧ ಫೋಟೋಗಳು ಅಡ್ಡ ಮಲಗುತ್ತವೆ. ಊರಿನ ಹೆಸರನ್ನು ಬೇರೆ ಖಾನೆಯಲ್ಲಿ ಕೇಳಿ.

ನಿಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್ ಆಗಿದ್ದರೆ ಅದು ತಾನಾಗಿ 1 ಎಂಬಿಗಿಂತ ದೊಡ್ಡದನ್ನು 413 ಎಂಬ ದೋಷ ಸಂಖ್ಯೆ ತೋರಿಸಿ ವಾಪಸ್ ಕಳಿಸುತ್ತದೆ, ಪಿಎಚ್‌ಪಿಯ ಮಿತಿ ಒಂದು ಫೈಲಿಗೆ 2 ಎಂಬಿ, ಒಮ್ಮೆಗೆ ಬರುವ ಎಲ್ಲ ಸೇರಿ 8 ಎಂಬಿ. ಮೂರನ್ನೂ ಏರಿಸಬೇಕು, 10 ಎಂಬಿ ಸಾಕು. ಜುಲೈ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಹೋಗಿ ಬಂದು ಮಾಡುತ್ತವೆ, ಆದ್ದರಿಂದ ಬ್ರೌಸರಿನಲ್ಲೇ 1600 ಪಿಕ್ಸೆಲ್‌ಗೆ ಕುಗ್ಗಿಸಿ ಒಂದೊಂದೇ ಫೋಟೋ ಕಳಿಸುವಂತೆ ಮಾಡಿ. ಒಂದು ಐಪಿ ವಿಳಾಸದಿಂದ ಎಷ್ಟು ಫೋಟೋ ಬರಬಹುದೆಂಬ ಮಿತಿಯನ್ನು ತುಂಬ ಬಿಗಿ ಮಾಡಬೇಡಿ, ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಷ್ಟೋ ಜನ ಒಂದೇ ಐಪಿಯ ಹಿಂದಿರುತ್ತಾರೆ.

ಈಗಾಗಲೇ ಪುಟ ತೆರೆದಿದ್ದರೆ ಇವತ್ತೇ ಅಪ್‌ಲೋಡ್ ಫೋಲ್ಡರ್‌ನಲ್ಲಿ ಗ್ರೆಪ್ (ಫೈಲ್‌ಗಳೊಳಗೆ ಪದ ಹುಡುಕುವ ಕಮಾಂಡ್) ಹಾಕಿ ಪಿಎಚ್‌ಪಿ ಕೋಡ್ ಹುಡುಕಿ. ಸಿಕ್ಕರೆ ಆ ಫೈಲ್ ಅಳಿಸಿ ಸುಮ್ಮನಾಗಬೇಡಿ. ಸರ್ವರನ್ನು ಹೊಸದಾಗಿ ಕಟ್ಟಿ, ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ. ಆ ಪಾಸ್‌ವರ್ಡ್ ಇರುವ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ಒಳನುಗ್ಗಿದವರು ಓದಿಯೇ ಇರುತ್ತಾರೆ.