ಸ್ಕಂದಗಿರಿಗೆ ಎಂಥ ಹೆಡ್‌ಲ್ಯಾಂಪ್?

ಚಿಕ್ಕಬಳ್ಳಾಪುರದ ಹತ್ತಿರದ ಸ್ಕಂದಗಿರಿ ಬೆಟ್ಟವನ್ನು ನಸುಕಿನಲ್ಲಿ ಹತ್ತಲು ಮೊಬೈಲ್ ಟಾರ್ಚ್ ಸಾಕಾ, 1000 ಲ್ಯೂಮೆನ್ (ಬೆಳಕಿನ ಅಳತೆ) ಕೊಡುವ, ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮೊಬೈಲ್ ಹಿಡಿದರೆ ಒಂದು ಕೈ ಹೋಯಿತು, ಬಂಡೆ ಹತ್ತುವಾಗ ಎರಡೂ ಕೈ ಬೇಕು. ನಡೆಯಲು 200-300 ಲ್ಯೂಮೆನ್ ಧಾರಾಳ. ಜಾಸ್ತಿ ಇದ್ದರೆ ಸುಮ್ನೆ ಬ್ಯಾಟರಿ ತಿನ್ನುತ್ತದೆ.

ಮಂಜು ಕವಿದಾಗ ಹಣೆಯ ಮೇಲಿನ ಬೆಳಕು ಕಣ್ಣಿಗೇ ವಾಪಸ್ ಹೊಡೆಯುತ್ತದೆ, ಎದುರಿಗೆ ಬಿಳಿ ಗೋಡೆ ನಿಂತ ಹಾಗೆ. ಆಗ ಲ್ಯಾಂಪ್ ಬಿಚ್ಚಿ ಸೊಂಟದ ಹತ್ತಿರ ಹಿಡಿದು, ಬೆಳಕನ್ನು ನೆಲಕ್ಕೆ ಬಿಡಿ. ಕಲ್ಲುಗಳ ನೆರಳು ಬಿದ್ದು ಏರುತಗ್ಗು ಚೆನ್ನಾಗಿ ಗೊತ್ತಾಗುತ್ತದೆ.

ಕೆಂಪು ದೀಪವೂ ಇರುವುದನ್ನೇ ತಗೊಳ್ಳಿ. ಜೋರು ಬಿಳಿ ಬೆಳಕು ಬಿದ್ದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು; ಮಂದ ಕೆಂಪು ಬೆಳಕಿನಲ್ಲಿ ಈ ತೊಂದರೆ ಕಡಿಮೆ. (ಮಾತಾಡುವಾಗ ಮುಖಕ್ಕೇ ಲೈಟ್ ಬಿಡುವವರ ಜೊತೆ ನಾನಂತೂ ಚಾರಣಕ್ಕೆ ಹೋಗುವುದಿಲ್ಲ!)