ಕೂಸಿನ ನಿದ್ದೆ: ಮುಂಬಯಿ ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯೆಯ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ತಿಂಗಳು. ಬಾಣಂತನಕ್ಕೆಂದು ಕುಂದಾಪುರದಿಂದ ಬಂದಿರುವ ಅತ್ತೆಯವರು ಅವಳನ್ನು ಕವುಚಿ ಮಲಗಿಸುತ್ತಾರೆ. ಹಾಗೆ ಮಲಗಿಸಿದರೆ ಮೂರು ಗಂಟೆ ಕದಲದೆ ನಿದ್ದೆ ಮಾಡುತ್ತಾಳೆ. ಅಂಗಾತ ಮಲಗಿಸಿದರೆ ಅರ್ಧ ಗಂಟೆಗೊಮ್ಮೆ ಬೆಚ್ಚಿ ಏಳುತ್ತಾಳೆ. ಹಾಲು ಕಕ್ಕುವ ಮಗು ಅಂಗಾತ ಮಲಗಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆಂಬುದು ಅತ್ತೆಯವರ ಹೆದರಿಕೆ. ತಲೆ ದುಂಡಗಾಗಲೆಂದು ಸಾಸಿವೆ ದಿಂಬನ್ನೂ ಹೊಲಿದು ತಂದಿದ್ದಾರೆ. ಅವರ ಮನಸ್ಸು ನೋಯದಂತೆ ಏನು ಹೇಳಲಿ? (ಡೊಂಬಿವಲಿಯ ಒಬ್ಬ ತಾಯಿ)

ಉತ್ತರ: ಮೊದಲಿಗೆ, ಇದು ನಿಮ್ಮ ಅತ್ತೆಯವರ ತಿಳಿಗೇಡಿತನವಲ್ಲ ಎಂಬುದನ್ನು ಅವರಿಗೇ ಹೇಳಿ. 1980ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ವೈದ್ಯರೇ ಮಕ್ಕಳನ್ನು ಕವುಚಿ ಮಲಗಿಸಲು ಹೇಳುತ್ತಿದ್ದರು. ಆರೋಗ್ಯವಾಗಿದ್ದ ಕೂಸು ನಿದ್ದೆಯಲ್ಲಿಯೇ ಕಾರಣ ತಿಳಿಯದೆ ತೀರಿಕೊಳ್ಳುವ ಘಟನೆಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಕವುಚಿ ಮಲಗಿದ್ದ ಮಕ್ಕಳೇ ಹೆಚ್ಚು ಎಂಬುದು ಕಂಡುಬಂತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ತನ್ನ ಸಲಹೆಯನ್ನು ಬದಲಿಸಿತು. 1994ರಲ್ಲಿ ಅಲ್ಲಿ ದೇಶವ್ಯಾಪಿ ಪ್ರಚಾರ ಆರಂಭವಾದ ನಂತರದ ಕೆಲವೇ ವರ್ಷಗಳಲ್ಲಿ ಅಂತಹ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಈ ಅಪಾಯ ಅತಿ ಹೆಚ್ಚಿರುವುದು ಒಂದರಿಂದ ನಾಲ್ಕು ತಿಂಗಳ ನಡುವೆ, ಅಂದರೆ ನಿಮ್ಮ ಮಗಳ ಈಗಿನ ವಯಸ್ಸಿನಲ್ಲಿ.

ಕವುಚಿ ಮಲಗಿದ ಮಗು ಗಡದ್ದಾಗಿ ನಿದ್ರಿಸುತ್ತದೆ ಎಂದು ಅತ್ತೆಯವರು ಕಂಡುಕೊಂಡಿರುವುದು ನಿಜವೇ. ಆದರೆ ಭಯಪಡಬೇಕಾದದ್ದು ಆ ಗಡದ್ದು ನಿದ್ದೆಗೇ. ಮೂಗಿಗೆ ಬಟ್ಟೆ ಅಡ್ಡವಾದಾಗ, ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವಂತಾದಾಗ, ಮಗು ಎಚ್ಚೆತ್ತು ಮುಖ ತಿರುಗಿಸಬೇಕು, ಅಳಬೇಕು. ಕವುಚಿ ಮಲಗಿದಾಗ ಹಾಗೆ ಎಚ್ಚರಗೊಳ್ಳುವುದು ಕಷ್ಟವಾಗುತ್ತದೆ. ಅಂಗಾತ ಮಲಗಿದ ನಿಮ್ಮ ಮಗಳು ಅರ್ಧ ಗಂಟೆಗೊಮ್ಮೆ ಏಳುತ್ತಾಳಲ್ಲ, ನಿಮ್ಮನ್ನು ದಣಿಸುತ್ತಿರುವ ಆ ಎಚ್ಚರವೇ ಅವಳನ್ನು ಕಾಯುವ ಶಕ್ತಿಯೂ ಹೌದು. ಬೆಚ್ಚಿ ಬೀಳುವ ಗುಣ ನಾಲ್ಕೈದು ತಿಂಗಳ ಹೊತ್ತಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ತೆಳುವಾದ ಹತ್ತಿಬಟ್ಟೆಯಲ್ಲಿ, ಸೊಂಟ ಮತ್ತು ಕಾಲುಗಳ ಬಳಿ ಸಡಿಲವಿರುವಂತೆ ಸುತ್ತಿ ಅಂಗಾತ ಮಲಗಿಸಬಹುದು. ಮಗುಚಿಕೊಳ್ಳಲು ಪ್ರಯತ್ನಿಸುವ ಮೊದಲ ಸೂಚನೆ ಕಂಡ ದಿನವೇ ಆ ಸುತ್ತುಬಟ್ಟೆಯನ್ನು ನಿಲ್ಲಿಸಬೇಕು.

ಹಾಲು ಕಕ್ಕುವ ವಿಷಯದಲ್ಲಿ ದೇಹದ ರಚನೆಯೇ ನಿಮ್ಮ ಪರವಾಗಿದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆಯೂ ಅನ್ನನಾಳ ಅದರ ಕೆಳಗೂ ಇರುತ್ತವೆ. ಹೊಟ್ಟೆಯಿಂದ ಬಂದ ಹಾಲು ಶ್ವಾಸನಾಳಕ್ಕೆ ಸೇರಬೇಕಾದರೆ ಮೇಲಕ್ಕೆ ಏರಬೇಕು. ಕವುಚಿ ಮಲಗಿದಾಗ ಇದು ತಿರುಗುಮುರುಗಾಗಿ, ಹಾಲು ಶ್ವಾಸನಾಳದ ಬಾಯಿಗೇ ಇಳಿಯುವಂತಾಗುತ್ತದೆ. ಹಾಲು ಕುಡಿಸಿದ ಮೇಲೆ ಮಗುವನ್ನು ಸ್ವಲ್ಪ ಹೊತ್ತು ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ, ಬಳಿಕ ಮಲಗಿಸಿ.

ಇನ್ನು ಸಾಸಿವೆ ದಿಂಬು. ಚಿಕಿತ್ಸಾಲಯಕ್ಕೆ ಬರುವ ಅಜ್ಜಿಯಂದಿರಿಗೆ ನಾನು ಉಪದೇಶ ಮಾಡುವುದಿಲ್ಲ. ಗಲ್ಲವನ್ನು ಎದೆಗೆ ತಾಗಿಸಿಕೊಂಡು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಎರಡನೆಯ ಉಸಿರಿಗೇ ಅವರು ತಲೆ ಎತ್ತುತ್ತಾರೆ. ಎತ್ತಲು ಶಕ್ತಿಯಿಲ್ಲದ ಕೂಸಿನ ತಲೆಯ ಕೆಳಗೆ ಎಂತಹ ದಿಂಬನ್ನಿಟ್ಟರೂ ಕತ್ತು ಹಾಗೆಯೇ ಮಡಚಿಕೊಳ್ಳಬಹುದು, ಮೃದುವಾದ ಶ್ವಾಸನಾಳ ಕಿರಿದಾಗಬಹುದು. ಮೊದಲ ವರ್ಷ ದಿಂಬು ಬೇಡವೇ ಬೇಡ. ತಲೆ ಚಪ್ಪಟೆಯಾಗುವ ಚಿಂತೆಗೆ ಬೇರೆ ಪರಿಹಾರವಿದೆ: ಮಗು ಎಚ್ಚರವಿದ್ದಾಗ, ಅತ್ತೆಯವರು ಎದುರಿಗೇ ಕುಳಿತು, ಚಾಪೆಯ ಮೇಲೆ ಎರಡು ಮೂರು ನಿಮಿಷಗಳಂತೆ ದಿನಕ್ಕೆ ಹಲವು ಸಲ ಅವಳನ್ನು ಕವುಚಿ ಹಾಕಿ ಆಡಿಸಲಿ. ಕತ್ತು, ಹೆಗಲು ಬಲಗೊಳ್ಳುತ್ತವೆ. ಕವುಚಿ ಹಾಕುವ ಅವರ ಪದ್ಧತಿಗೂ ಸರಿಯಾದ ಹೊತ್ತು ಸಿಕ್ಕಂತಾಗುತ್ತದೆ.

ಪ್ರಶ್ನೆ: ನಾನು ಹೋಟೆಲಿನಲ್ಲಿ ಕೆಲಸ ಮಾಡಿ ರಾತ್ರಿ ಒಂದು ಗಂಟೆಗೆ ಮನೆಗೆ ಬರುತ್ತೇನೆ. ನಮ್ಮದು ಒಂದೇ ಖೋಲಿ. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು ಮತ್ತು ಒಂದೂವರೆ ತಿಂಗಳ ಗಂಡುಮಗು ಒಂದೇ ಹಾಸಿಗೆಯಲ್ಲಿ ಮಲಗುತ್ತೇವೆ. ಮಗುವಿಗೆ ಊರಿಂದ ತಂದ ಕೌದಿ ಹೊದಿಸುತ್ತೇವೆ. ಹಗಲಿಗೆ ಸೀರೆಯ ಜೋಳಿಗೆ ಕಟ್ಟಿದ್ದೇವೆ. ಪ್ರತ್ಯೇಕ ತೊಟ್ಟಿಲಿಗೆ ಜಾಗವಿಲ್ಲ. (ಘಾಟ್‌ಕೋಪರದ ಒಬ್ಬ ತಂದೆ)

ಉತ್ತರ: ಮಗು ತಂದೆತಾಯಿಯ ಕೋಣೆಯಲ್ಲಿಯೇ ಇರುವುದು ಒಳ್ಳೆಯದು, ಕನಿಷ್ಠ ಆರು ತಿಂಗಳು ಹಾಗಿರಬೇಕೆಂದೇ ವೈದ್ಯರ ಸಲಹೆ. ಒಂದೇ ಖೋಲಿಯ ಮನೆಯಲ್ಲಿ ಅದು ತಾನಾಗಿಯೇ ಒದಗಿದೆ. ಬದಲಾಗಬೇಕಾದದ್ದು ಹಾಸಿಗೆ ಮಾತ್ರ. ನಿಮ್ಮ ಹೆಂಡತಿ ಮಲಗುವ ಬದಿಯಲ್ಲಿ, ಕೈಗೆಟುಕುವಷ್ಟು ಹತ್ತಿರ, ನೆಲದ ಮೇಲೆಯೇ ಮಗುವಿಗೆ ಒಂದು ಪುಟ್ಟ ಹಾಸಿಗೆಯನ್ನು ಹಾಸಿ. ಅದಕ್ಕೆ ಎರಡು ಅಡಿ ಅಗಲದ ಜಾಗ ಸಾಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಅಂಗೈಯಿಂದ ಒತ್ತಿ ಕೈ ತೆಗೆದಾಗ ಗುಳಿ ಉಳಿಯಬಾರದು. ಗೋಡೆಗೂ ಹಾಸಿಗೆಗೂ ನಡುವೆ ಮಗು ಜಾರಿ ಸಿಕ್ಕಿಕೊಳ್ಳುವಂತಹ ಸಂದು ಇರಬಾರದು. ಅಕ್ಕನ ಪಕ್ಕದಲ್ಲಿ ಮಾತ್ರ ಮಲಗಿಸಬೇಡಿ, ನಾಲ್ಕು ವರ್ಷದ ಮಗುವಿಗೆ ನಿದ್ದೆಯಲ್ಲಿ ತನ್ನ ಕೈಕಾಲಿನ ಪರಿವೆ ಇರುವುದಿಲ್ಲ.

ನಡುರಾತ್ರಿ ಹಾಲು ಕುಡಿಸುತ್ತಲೇ ತಾಯಿಗೆ ನಿದ್ದೆ ಹತ್ತುವುದು ಸಹಜ. ಅಂತಹ ಸಾಧ್ಯತೆ ಇದ್ದಾಗ ಸೋಫಾ ಅಥವಾ ಕುರ್ಚಿಗಿಂತ, ದಿಂಬು ಹೊದಿಕೆಗಳನ್ನು ದೂರ ಸರಿಸಿದ ನೆಲದ ಹಾಸಿಗೆಯಲ್ಲಿ ಕುಡಿಸುವುದೇ ಕಡಿಮೆ ಅಪಾಯದ್ದು; ಎಚ್ಚರವಾದ ಕೂಡಲೇ ಮಗುವನ್ನು ಅದರ ಜಾಗಕ್ಕೆ ಸೇರಿಸಬೇಕು. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ, ಮದ್ಯ ಅಥವಾ ನಿದ್ದೆ ಬರಿಸುವ ಔಷಧಿ ತೆಗೆದುಕೊಂಡಿದ್ದರೆ, ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಅಥವಾ ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಕವಿದ್ದರೆ, ಒಂದೇ ಹಾಸಿಗೆಯಲ್ಲಿ ಮಲಗುವುದು ಖಂಡಿತ ಕೂಡದು.

ಕೌದಿಯ ಹಿಂದೆ ಅಜ್ಜಿಯ ಕೈಗೆಲಸವಿದೆ, ಆದರೆ ಅದು ಭಾರವಾದದ್ದು, ಮುಖದ ಮೇಲೆ ಸರಿದರೆ ಮಗು ತೆಗೆಯಲಾರದು. ಮುಂಬಯಿಯ ಸೆಕೆಗೆ ಫ್ಯಾನಿನ ಕೆಳಗೆ ಮೈತುಂಬ ಒಂದು ತೆಳು ಹತ್ತಿ ಅಂಗಿ ಸಾಕು. ಮನೆಯೊಳಗೆ ಟೋಪಿ ಬೇಡ. ಮಗುವಿನ ಕೈಕಾಲು ತಣ್ಣಗಿದ್ದರೆ ಗಾಬರಿಯಾಗದೆ, ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದರ್ಥ. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯನ್ನೂ, ರಾತ್ರಿಯ ಸೊಳ್ಳೆಬತ್ತಿಯನ್ನೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಚ್ಚಬೇಡಿ. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ ಇರುವ ಊರು ಇದು, ಆದ್ದರಿಂದ ಬಿಗಿಯಾಗಿ ಕಟ್ಟಿದ ಸೊಳ್ಳೆಪರದೆ ಬೇಕೇ ಬೇಕು.

ಜೋಳಿಗೆಯಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ಒತ್ತುತ್ತದೆ, ಸೀರೆಯ ಬದಿಗಳು ಮುಖಕ್ಕೆ ಕೂಡಿಕೊಳ್ಳುತ್ತವೆ. ಅಳು ನಿಲ್ಲಿಸಲು, ಯಾರಾದರೂ ಕಣ್ಣಿಟ್ಟು ತೂಗುತ್ತಿರುವಷ್ಟು ಹೊತ್ತು ಮಾತ್ರ ಅದನ್ನು ಬಳಸಿ. ನಿದ್ದೆ ಹತ್ತಿದೊಡನೆ ಎತ್ತಿ ನೆಲದ ಹಾಸಿಗೆಗೆ ತನ್ನಿ, ಬಳಿಕ ಸೀರೆಯನ್ನು ಬಿಚ್ಚಿಡಿ. ನೇತಾಡುವ ಬಟ್ಟೆಯಲ್ಲಿ ಆಡುವ ಮಗಳ ಕೊರಳು ಸಿಲುಕುವ ಅಪಾಯವೂ ಇದೆ.

ಪ್ರಶ್ನೆ: ಐದು ತಿಂಗಳ ಮಗ ರಾತ್ರಿ ಎರಡು ಗಂಟೆಗೊಮ್ಮೆ ಏಳುತ್ತಾನೆ. 26 ವಾರಗಳ ಹೆರಿಗೆ ರಜೆ ಮುಗಿಯುತ್ತ ಬಂದಿದೆ, ಮುಂದಿನ ತಿಂಗಳು ಬ್ಯಾಂಕಿಗೆ ಹೋಗಬೇಕು, ಅವನು ಪಾಳಣಾಘರಕ್ಕೆ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಕ್ಕೆ) ಹೋಗುತ್ತಾನೆ. ಮಲಗುವ ಮೊದಲು ಜಾಯಿಕಾಯಿ ತೇದು ಜೇನಿನಲ್ಲಿ ನೆಕ್ಕಿಸಿ ಎಂದು ನೆರೆಯವರು ಹೇಳುತ್ತಾರೆ. (ಮುಲುಂಡ್‌ನ ಒಬ್ಬ ತಾಯಿ)

ಉತ್ತರ: ಎರಡನ್ನೂ ಕೊಡಬೇಡಿ. ಜಾಯಿಕಾಯಿ ಮಗುವಿಗೆ ವಿಷವಾಗಬಹುದು, ತೇದಾಗ ಎಷ್ಟು ಹೋಯಿತೆಂಬ ಅಳತೆಯೂ ಸಿಗುವುದಿಲ್ಲ. ಜೇನಿನಲ್ಲಿರಬಹುದಾದ ಬೀಜಾಣುಗಳಿಂದ ಒಂದು ವರ್ಷದೊಳಗಿನ ಮಕ್ಕಳಿಗೆ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ಕಾಯಿಲೆ ಬರಬಹುದು. ಇದೇ ಮುಂಬಯಿಯಲ್ಲಿ, 1920ರ ದಶಕದಲ್ಲಿ, ಬಟ್ಟೆ ಗಿರಣಿಯ ಕೆಲಸಕ್ಕೆ ಹೋಗುವ ತಾಯಂದಿರು ಬೇರೆ ದಾರಿ ಕಾಣದೆ ಕೂಸುಗಳಿಗೆ ಬಾಳಾ ಗೋಳಿ ಎಂಬ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಹೋಗುತ್ತಿದ್ದರು. ಆ ತಾಯಂದಿರನ್ನು ನಾನು ದೂರಲಾರೆ, ಆದರೆ ಮದ್ದು ಹಾಕಿ ಬರಿಸಿದ ನಿದ್ದೆ ನಿದ್ದೆಯಲ್ಲ.

ನಾಲ್ಕರಿಂದ ಹನ್ನೊಂದು ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಅದು ಒಂದೇ ಎಳೆಯಾಗಿ ಇರುವುದಿಲ್ಲ. ಸುಮಾರು ಒಂದು ಗಂಟೆಗೊಮ್ಮೆ ನಿದ್ದೆ ತೆಳುವಾಗುತ್ತದೆ. ಹಾಲು ಕುಡಿಯುತ್ತಲೇ ಅಥವಾ ತೋಳಲ್ಲೇ ನಿದ್ದೆ ಹೋಗಿ ರೂಢಿಯಾದ ಮಗು ಪ್ರತಿ ಸಲವೂ ಅದನ್ನೇ ಕೇಳುತ್ತದೆ. ಸಂಜೆಯ ನಂತರ ದೀಪ, ಟಿವಿ, ಮಾತು ತಗ್ಗಿಸಿ. ಮೈ ಒರೆಸಿ, ಹಾಲು ಕುಡಿಸಿ, ಒಂದು ಜೋಗುಳ ಹಾಡಿ, ಕಣ್ಣು ಎಳೆಯುತ್ತಿದ್ದರೂ ಪೂರ್ತಿ ಮುಚ್ಚುವ ಮೊದಲೇ ಹಾಸಿಗೆಗೆ ಹಾಕಿ, ಎದೆಯ ಮೇಲೆ ಅಂಗೈ ಇಟ್ಟು ಕುಳಿತುಕೊಳ್ಳಿ. ಹಗಲಲ್ಲಿ ಬೆಳಕಿಗೆ ಒಡ್ಡಿ. ಹಸಿವಿನ ಅಳುವಿಗೆ ರಾತ್ರಿಯಲ್ಲೂ ಹಾಲು ಕೊಡಲೇಬೇಕು. ತೂಕ ಏರದಿದ್ದರೆ, ಗೊರಕೆ ಜೋರಾಗಿದ್ದರೆ ವೈದ್ಯರಿಗೆ ತೋರಿಸಿ. ಉಸಿರು 20 ಸೆಕೆಂಡು ನಿಂತರೆ ಅಥವಾ ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪಾಳಣಾಘರದ ವಿಷಯವನ್ನು ಈಗಲೇ ನೋಡಿಕೊಳ್ಳಿ. ಅಂಗಾತ ಮಲಗಿ ಅಭ್ಯಾಸವಾದ ಮಗುವನ್ನು ಬೇರೆಯವರು ಒಂದು ದಿನ ದಿಢೀರನೆ ಕವುಚಿ ಮಲಗಿಸಿದಾಗ ಅಪಾಯ ಬಹಳ ಹೆಚ್ಚು. ಅವನು ಮಲಗುವ ಜಾಗವನ್ನು ನೀವೇ ಹೋಗಿ ನೋಡಿ, ಹಾಸಿಗೆಯನ್ನು ಒತ್ತಿ ನೋಡಿ, ದಿಂಬುಗಳಿದ್ದರೆ ತೆಗೆಸಿ. ಪ್ರತಿ ಸಲವೂ ಅಂಗಾತವೇ ಮಲಗಿಸಬೇಕೆಂದೂ, ಎರಡೂ ಕಡೆಗೆ ಸಲೀಸಾಗಿ ಹೊರಳಬಲ್ಲವನಾದ ಮೇಲೆ ತಾನಾಗಿ ಮಗುಚಿಕೊಂಡರೆ ಹಾಗೆಯೇ ಬಿಡಬಹುದೆಂದೂ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮೌಶಿಗೆ ಬಾಯಿಮಾತಿನಲ್ಲಿ ಹೇಳಿ, ಮರಾಠಿಯಲ್ಲಿ ಒಂದು ಚೀಟಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.