ಪೊಸಡಿಗುಂಪೆಯಿಂದ ಕುಂಬಳೆಗೆ ಸೈಕಲ್: ಮಗಳನ್ನು ಕರೆದುಕೊಂಡು ಹೋಗಬಹುದಾ?

ಗೈಡ್ ಜೊತೆ ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆ ಗುಡ್ಡದಿಂದ ಕುಂಬಳೆ ಕಡಲವರೆಗೆ ಇಳಿಯುವ ಸವಾರಿಗೆ ಹನ್ನೆರಡರ ಮಗಳನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ, ಆದರೆ ಮಳೆಗಾಲ ಕಳೆಯಲಿ. ಒದ್ದೆಯಾದರೆ ರಿಮ್ ಬ್ರೇಕ್ (ಚಕ್ರದ ಲೋಹದ ಅಂಚನ್ನು, ಅಂದರೆ ರಿಮ್ಮನ್ನು, ಒತ್ತಿ ನಿಲ್ಲಿಸುವ ಬ್ರೇಕ್) ತಡವಾಗಿ ಹಿಡಿಯುತ್ತದೆ.

ಗುಡ್ಡ ಸಾವಿರ ಅಡಿಗಿಂತ ಜಾಸ್ತಿ ಎತ್ತರ. ನನಗೆ ಚಿಂತೆ ಇರುವುದು ಮೇಲಿನ ಇಳಿಜಾರಿನದ್ದೇ. ಬ್ರೇಕನ್ನು ಒಂದೇ ಸಮ ಒತ್ತಿಕೊಂಡು ಇಳಿದರೆ ರಿಮ್ ಬಿಸಿಯಾಗುತ್ತದೆ, ಮಕ್ಕಳ ಕೈಯೂ ಸೋಲುತ್ತದೆ. ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ಬಿಡುತ್ತಾ ಇರಬೇಕು. ವೇಗ ಇಳಿಸಬೇಕಾದ್ದು ತಿರುವಿಗೆ ಮೊದಲು, ತಿರುವಿನ ಒಳಗಲ್ಲ. ರಸ್ತೆ ಅಂಚಿನ ಮುರಕಲ್ಲಿನ (ಕೆಂಪು ಕಲ್ಲಿನ) ಪುಡಿ ಮೇಲೆ ಚಕ್ರ ಜಾರುತ್ತದೆ. ಅವಳ ಬೆರಳು ಬ್ರೇಕ್ ಲಿವರಿಗೆ ಸರಿಯಾಗಿ ಎಟುಕುತ್ತದಾ? ಹೊರಡುವ ಮೊದಲೇ ಗೈಡ್ ಹತ್ತಿರ ಸರಿಮಾಡಿಸಿಕೊಳ್ಳಿ. ಗೈಡ್ ಮುಂದೆ ಇರಲಿ, ನೀವು ಮಗಳ ಹಿಂದೆ ಇರಿ.

ಧರ್ಮತ್ತಡ್ಕ, ಸೀತಾಂಗೋಳಿ ದಾರಿಯಲ್ಲಿ ನಡುನಡುವೆ ಏರೂ ಇದೆ, ಗೇರ್ ಸೈಕಲ್ಲೇ ಕೇಳಿ. ಬೆಳಿಗ್ಗೆ ಬೇಗ ಹೊರಟರೆ ಅನಂತಪುರದ ಕೆರೆ ದೇವಸ್ಥಾನಕ್ಕೂ ಹೋಗಬಹುದು. ಅದನ್ನು ಬಿಡಬೇಡಿ, ಕೆರೆಯ ನಡುವೆ ಗುಡಿ ಇರುವ ಜಾಗ ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಕುಂಬಳೆಯಲ್ಲಿ ಕಡಲಿಗೆ ಹೋಗಲು ಹೆದ್ದಾರಿ 66 ದಾಟಬೇಕು. ಅಲ್ಲಿ ಮಾತ್ರ ಇಳಿದು, ಸೈಕಲ್ ತಳ್ಳಿಕೊಂಡೇ ದಾಟಿ.